ಗಾಡಿಯಿಂದ ಬಿದ್ದ ಮೇಲೆ

ಶಿಕಾರಿಪುರ
೧೯-೨-೧೯೫೮, ಬುಧವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ಶಕುಂತಲಳ ಶರಣುಗಳು. ನಿಮ್ಮ ಸೊಂಟನೋವು ಹೇಗಿದೆ? ಹೊಸಬಾಳೆಯ ಬಾವಿ ಬಲು ಆಳ, ನೀರು ಸೇದಲು ಹೋಗಬೇಡಿ. ನಾದಿನಿ ಬಸವಣ್ಣೆಮ್ಮ ಸರಿಯಾಗಿ ಉಣ್ಣುತ್ತಾಳಾ, ಕೂಸು ಮಲಗಗೊಡುತ್ತದಾ? ಬಾಣಂತಿ ಗಾಬರಿಯಾಗಬಾರದು, ಇನ್ನು ಮುಂದಿನದನ್ನು ಜಗಲಿಗೆ ಬಂದು ಒಬ್ಬರೇ ಓದಿ.

ಸಂಕ್ರಾಂತಿ ಕಳೆದ ಮೇಲೆ ನಿಮ್ಮ ಮಗ ಪಕ್ಕದ ಮನೆ ಶಾಂತವೀರಪ್ಪನವರ ಜೊತೆ ಬಂದಳಿಕೆಗೆ ಭತ್ತ ತರಲು ಹೋಗಿದ್ದರು. ಗಾಡಿಗೆ ಹೇರಿದ ಚೀಲದ ಮೇಲೆ ನಿಂತು ಬಿಗಿಯುವಾಗ ಹಗ್ಗ ಹರಿದು ಹಿಂದಕ್ಕೆ ಬಿದ್ದರಂತೆ, ತಲೆ ಗಾಲಿಗೆ ಬಡಿಯಿತಂತೆ. ಒಂದು ಎಲೆಅಡಿಕೆ ಮೆಲ್ಲುವಷ್ಟು ಹೊತ್ತು ಎಚ್ಚರವಿರಲಿಲ್ಲ. ಆಮೇಲೆ ತಾವೇ ಎದ್ದರು. ಒಂದು ತೊಟ್ಟು ರಕ್ತವೂ ಬಂದಿರಲಿಲ್ಲ. “ಅವ್ವಗೆ ಬರೀಬ್ಯಾಡ, ಬಾಣಂತನ ಬಿಟ್ಟು ಓಡಿ ಬರ್ತಾಳೆ” ಅಂದರು. ನಾನೂ ಸುಮ್ಮನಾದೆ.

ಈಗ ಸುಮ್ಮನಿರಲು ಆಗುತ್ತಿಲ್ಲ ಅತ್ತೆ. ಮಧ್ಯಾಹ್ನವಾದರೆ ತಲೆನೋವು, ಬಿಸಿಲಿಗೆ ಕಣ್ಣು ಬಿಡಲಾರರು. ಮೊನ್ನೆ ಒಲೆಯ ಮೇಲೆ ಬೇಳೆ ಸೀದು ಮನೆಯೆಲ್ಲ ಕಮಟು, ಇವರು ಅಲ್ಲೇ ಕೂತಿದ್ದರೂ ವಾಸನೆಯೇ ಬಡಿದಿಲ್ಲ. ಒಂದು ಹಿಡಿ ಭತ್ತ ನೋಡಿ ಯಾವ ಊರಿನದು ಎನ್ನುತ್ತಿದ್ದವರು ಅಂಗಡಿಯಲ್ಲಿ ಮಾತಿನ ನಡುವೆ ನಿಂತುಬಿಡುತ್ತಾರೆ. ಲೋಟ ಬಿದ್ದ ಸದ್ದಿಗೆ ಸಿಟ್ಟಾಗಿ ತಟ್ಟೆ ಎಸೆದರು, ಆಮೇಲೆ ಗೋಡೆ ಕಡೆ ತಿರುಗಿ ಅತ್ತರು. ಅವರು ಅತ್ತದ್ದನ್ನು ನಾನು ಕಂಡಿರಲೇ ಇಲ್ಲ. ಓಣಿಯವರು ಗಾಳಿ ಸೋಕಿದೆ, ತಾಯಿತ ಕಟ್ಟಿಸಿ ಅಂತಾರೆ.

ಸೋಮವಾರ ಶಾಂತವೀರಪ್ಪನವರೇ ರಟ್ಟೆ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ನಾನೂ ಹೋದೆ. ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟರು, ಬೆರಳು ಆಡಿಸಿ ನೋಡು ಅಂದರು, ಗೆರೆಯ ಮೇಲೆ ನಡೆಸಿದರು. ಇವತ್ತು ಯಾವ ವಾರ ಅಂತ ಕೇಳಿದರು, ಇವರು ಸರಿಯಾಗಿ ಹೇಳಿದರು. “ನಿನ್ನ ಹೆಂಡ್ತಿ ಹೆಸರೇನಪ್ಪ?” ಅಂದರೆ ತಲೆ ತಗ್ಗಿಸಿ ಕೂತರು. ನಾಚಿಕೆಯೋ, ಮರೆವೋ? ಎಂದೂ ನನ್ನ ಹೆಸರು ಹಿಡಿದು ಕರೆದವರಲ್ಲ, ನಾನು ಹೇಗೆ ತಿಳಿಯಲಿ? ಡಾಕ್ಟರು ನನ್ನ ಮುಖ ನೋಡಿದರು, ನಾನೂ ನೆಲ ನೋಡಿದೆ. ಮಿದುಳು ಅಲುಗಾಡಿದೆ, ಮಾಗಲು ತಿಂಗಳುಗಳೇ ಹಿಡಿಯಬಹುದು, ಗಾಡಿ ಅಂಗಡಿ ಎರಡೂ ಬೇಡ, ಕತ್ತಲೆ ಕೋಣೆಯಲ್ಲಿ ಮಲಗಿಸಿ ಅಂದರು. ಹಾಗೇ ಮಾಡುತ್ತಿದ್ದೇನೆ. ನೀವು ಚಿಂತೆ ಮಾಡಬೇಡಿ, ತೊಟ್ಟಿಲು ಮುಗಿಸಿಕೊಂಡೇ ಬನ್ನಿ.

ಬಸವಣ್ಣೆಮ್ಮನಿಗೆ ನೆನಪು, ಕೂಸಿಗೆ ಅತ್ತೆಯ ಮುತ್ತು. ನಿಮ್ಮ ಆಶೀರ್ವಾದ ಮಗನ ಮೇಲಿರಲಿ.

ಇಂತಿ ನಿಮ್ಮ ಸೊಸೆ,
ಶಕುಂತಲ

ವಿ.ಸೂ.: ಅತ್ತೆ, ಮೇಲೆ ಬರೆದದ್ದನ್ನು ಬಿಡಿ, ಕೂಡಲೇ ಹೊರಡಿ. ಕಾಗದ ಮಡಚುವಾಗ ಇವರು ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡರು. ಬರುವಾಗ ಬಲಗಾಲು ಎಳೆಯುತ್ತಿತ್ತು. ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಡಾಕ್ಟರು ಬಂದು ನೋಡಿ, ತಲೆಯೊಳಗೆ ರಕ್ತ ನಿಂತಿರಬಹುದು, ಈಗಲೇ ಶಿವಮೊಗ್ಗಕ್ಕೆ ಅಂದರು. ಕಾರು ಗೊತ್ತುಮಾಡಿದೆ. ಈ ಕಾಗದ ಶಾಂತವೀರಪ್ಪನವರ ಕೈಯಲ್ಲಿ ಕಳಿಸುತ್ತಿದ್ದೇನೆ, ಅವರ ಜೊತೆ ನೇರ ದೊಡ್ಡಾಸ್ಪತ್ರೆಗೆ ಬನ್ನಿ. ಸೂಜಿ ಅಂದರೆ ಇವರು ಮಾಡುವ ರಂಪ ನೀವು ಕಾಣದ್ದೇ? ಇವತ್ತು ಆಸ್ಪತ್ರೆಗೆ ಹೋಗೋಣ ಅಂದೆ. ಹೂಂ ಅಂದರು. ಮರುಮಾತಿಲ್ಲದೆ ನನ್ನ ಕೈಯಿಂದ ಅಂಗಿ ಹಾಕಿಸಿಕೊಂಡು ಕೂತಿದ್ದಾರೆ. ಅದಕ್ಕೇ ಅತ್ತೆ ನನಗೆ ಹೆದರಿಕೆ.