ಮಿಶ್ರಿ ಅಂತ ಅಳಿಸಿದ್ದು

ಮಾರ್ಚ್ ೪, ಮಂಗಳವಾರ

ಇವತ್ತು ನಲವತ್ತೆರಡು ಬಾಯಿ ಮುಗಿಸಿದೆ. ಊಟದ ಮೊದಲು ಮೂವತ್ತು, ಆಮೇಲೆ ಬರೀ ಹನ್ನೆರಡು — ಕರೆಂಟ್ ಹೋಗಿತ್ತು. ಎಲ್ಲ ಬಾಯಿ ತಪಾಸಣೆಯ ಕ್ಯಾಂಪಿನಲ್ಲಿ ತೆಗೆದ ಫೋಟೊ. ಹುಣ್ಣು, ಬಿಳಿ ಮಚ್ಚೆ, ಕೆಂಪು ಮಚ್ಚೆ ಕಂಡಲ್ಲಿ ಮೌಸ್ ಹಿಡಿದು ಅಂಚಿಗುಂಟ ಗೆರೆ ಎಳೆಯಬೇಕು. ಸಾವಿರಾರು ಬಾಯಿಗೆ ಹೀಗೆ ಎಳೆದರೆ ಕ್ಯಾನ್ಸರ್ ಶುರುವಾಗುವ ಜಾಗ ಯಾವುದೆಂದು ಕಂಪ್ಯೂಟರ್ ತಾನೇ ಕಲಿಯುತ್ತದಂತೆ. ಕಲಿಯಲಿ. ನನ್ನ ಕುತ್ತಿಗೆಯಂತೂ ಹಿಡಿದುಕೊಂಡಿದೆ.

ಇದೇ ಕೆಲಸ ಮಾಡುವ ಚೆನ್ನೈಯವರು ಗೆರೆ ಎಳೆದ ಫೋಟೊಗಳೂ ಬಂದವು. ನಗು ಬಂತು. ನಮ್ಮ ಕಡೆ ಹೆಂಗಸರ ಕಪ್ಪು ಒಸಡನ್ನೆಲ್ಲ ರೋಗ ಅಂತ ಗುರುತು ಹಾಕಿದ್ದಾರೆ. ಅಯ್ಯೋ, ಅದು ಮಿಶ್ರಿ. ತಂಬಾಕು ಹುರಿದು ಪುಡಿ ಮಾಡಿ ಬೆಳಿಗ್ಗೆ ಎದ್ದು ಹಲ್ಲಿಗೆ ತಿಕ್ಕುವುದು. ನಮ್ಮವ್ವ ತಿಕ್ಕುತ್ತಿದ್ದಳು, ಅತ್ತೆ ಈಗಲೂ ತಿಕ್ಕುತ್ತಾರೆ. ಡಾಕ್ಟರ್ ಸುನಂದಾ ಮೇಡಂಗೆ ತೋರಿಸಿದೆ. ಅವನ್ನೆಲ್ಲ ಸರಿಪಡಿಸುವ ಕೆಲಸ ನನಗೇ ಕೊಟ್ಟರು. ಇದು ಇಲ್ಲಿಯವರಿಗೇ ಗೊತ್ತಾಗುವುದು ಅಂದರು. ಹಿಗ್ಗಿದೆ. ಸುಳ್ಳು ಯಾಕೆ ಬರೆಯಲಿ.

ಮಾರ್ಚ್ ೨೧, ಶುಕ್ರವಾರ

ಅಳಿಸಿದ ಗೆರೆ ಆರುನೂರ ಹನ್ನೊಂದು. ಕೈ ಕೂತುಬಿಟ್ಟಿದೆ. ಕಪ್ಪು ಕಂಡರೆ — ಅಳಿಸು, ಮುಂದೆ. ಒಂದಕ್ಕೆ ನಾಲ್ಕು ಸೆಕೆಂಡ್. ಮೇಡಂ ಅಲ್ಲೊಂದು ಇಲ್ಲೊಂದು ತೆಗೆದು ನೋಡಿ ಓಕೆ ಮಾಡಿದರು.

ಏಪ್ರಿಲ್ ೬, ಭಾನುವಾರ

ಹಳಿಯಾಳ ಕ್ಯಾಂಪ್. ನಮ್ಮಿಂದ ಕಲಿತ ಮಷೀನು ಈಗ ಮೊಬೈಲಿಗೆ ಬಂದಿದೆ, ಬಾಯಿಯ ಫೋಟೊ ಹಿಡಿದರೆ ಸಾಕು. ಅನುಮಾನವಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಅತ್ತೆಯನ್ನೂ ದಾಂಡೇಲಿಯಿಂದ ಬಸ್ಸು ಹತ್ತಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಗೊಣಗಾಟ — ತವರೂರ ಕಡೆಯವರ ಮುಂದೆ ಬಾಯಿ ತೆರೆದು ನಿಲ್ಲಬೇಕಾ ಅಂತ. ಅವರದು ಹಸಿರು. ಅವರೂ ಸೇರಿ ಮೂವತ್ತೆಂಟು ಹೆಂಗಸರಿಗೆ ಹಸಿರು. ಅಷ್ಟೂ ಜನರಿಗೆ ಧೈರ್ಯ ಹೇಳಿ ಕಳಿಸಿದವಳು ನಾನೇ. ಖುಷಿಯಾಗಿತ್ತು.

ಮನೆಗೆ ಬಂದವರೇ ಅತ್ತೆ ಮಿಶ್ರಿ ಡಬ್ಬಿ ತೆಗೆದರು. “ಸಹನಾ, ಇನ್ನ ಬೈಬ್ಯಾಡ. ನಿನ್ನ ಮಷೀನ ನನ್ನ ಪಾಸ್ ಮಾಡೇತಿ.”

ಮೇ ೨೫, ಭಾನುವಾರ

ಅತ್ತೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಾರೆ. ಹದಿನೈದು ದಿನವಾಯಿತಂತೆ. ಖಾರ ತಾಗಿದರೆ ಉರಿಯಂತೆ. ಅವರು ಹೇಳಲಿಲ್ಲ. ನಾನು ನೋಡಲಿಲ್ಲ… ದಿನಕ್ಕೆ ನಲವತ್ತು ಬಾಯಿ ನೋಡುವವಳು.

ಬಾಯಿ ಚೆನ್ನಾಗಿ ತೊಳೆಸಿ ಬ್ಯಾಟರಿ ಹಿಡಿದೆ. ಕೆಳಗಿನ ಒಸಡು. ಕಪ್ಪಿನ ನಡುವೆ ಬಿಳಿ. ಒರಟು. ಬೆರಳಿಟ್ಟರೆ ಗಟ್ಟಿ. ಮೊಬೈಲಿನಲ್ಲಿ ಫೋಟೊ ಹಿಡಿದೆ. ಹಸಿರು. ಇನ್ನೊಂದು ಸಲ. ಹಸಿರು.

ಮಷೀನಿನ ತಪ್ಪಲ್ಲ. ಕಪ್ಪು ಒಸಡನ್ನು ನೋಡಬೇಡ ಅಂತ ಆರುನೂರು ಸಲ ಹೇಳಿಕೊಟ್ಟವಳು ನಾನು.

ಮೇ ೨೬, ಸೋಮವಾರ

ಒಂಬತ್ತಕ್ಕೇ ಆಫೀಸು. ಗೆರೆ ಅಳಿಸಿದ ಫೋಟೊಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಮೊದಲ ನೂರರಲ್ಲೇ ಒಂಬತ್ತು — ಕಪ್ಪಿನೊಳಗೆ ಬಿಳಿ. ಚೆನ್ನೈಯವರು ಮಿಶ್ರಿ ಗೊತ್ತಿಲ್ಲದೆ ಎಲ್ಲಕ್ಕೂ ಗೆರೆ ಎಳೆದರು. ನಾನು ಗೊತ್ತಿದ್ದೇ ಎಲ್ಲ ಅಳಿಸಿದೆ.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹನ್ನೊಂದರವರೆಗೆ ಹಾಗೇ ಕೂತಿದ್ದೆ. ಮುಂದಿನ ವಾರ ಮುಂಡಗೋಡ ಕ್ಯಾಂಪ್ ಇದೆ. ಎದ್ದು ಹೋಗಿ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ. ಮೇಡಂ ಆ ಒಂಬತ್ತನ್ನೂ ತೆರೆಸಿ ನೋಡಿದರು. “ಓಕೆ ಮಾಡಿದಾಕಿ ನಾನ ಅಲ್ಲೇನು,” ಅಂದರು. ಕ್ಯಾಂಪ್ ನಿಲ್ಲಿಸಿದರು. ಅತ್ತೆಯನ್ನು ನಾಳೆಯೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗು ಅಂದರು.

ಜೂನ್ ೫, ಗುರುವಾರ

ಹುಬ್ಬಳ್ಳಿಯಲ್ಲಿ ರಿಪೋರ್ಟ್ ಕೊಟ್ಟರು. ಕ್ಯಾನ್ಸರೇ. ಹರಡಿಲ್ಲ. ಒಸಡಿನ ಜೊತೆ ದವಡೆಯ ಎಲುಬನ್ನೂ ಒಂದು ಚೂರು ತೆಗೆಯಬೇಕಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಮಷೀನಿಗೆ ತಪ್ಪು ಕಲಿಸಿದ್ದು ನಾನು ಅಂತ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಧಾರವಾಡ ದಾಟಿದ ಮೇಲೆ ಕೇಳಿದರು: “ಅವತ್ತ ನನ್ನ ಜೋಡಿ ಹಸಿರ ಬಂದವ್ರಿಗೆಲ್ಲ ಹೇಳೀಯೇನು?”

ಇಲ್ಲ ಅಂದೆ. ಮೇಲಿನವರಿಗೆ ಲೆಟರ್ ಹೋಗಿದೆ, ಪರ್ಮಿಷನ್ ಬರಬೇಕು ಅಂದೆ.

“ಲೆಟರ್ ಬರೂತನಾ ಬ್ಯಾನಿ ಸುಮ್ಮ ಕುಂದರತೈತೇನು?”

ಬಹಳ ನಾಚಿಕೆಯಾಯಿತು. ಇಂಥ ಹೊತ್ತಿನಲ್ಲೂ ಬೇರೆಯವರ ಚಿಂತೆ ಮಾಡುತ್ತಾರಲ್ಲ ಅಂತ ಅಳುವೂ ಬಂತು.

ಜೂನ್ ೬, ಶುಕ್ರವಾರ, ಮಧ್ಯಾಹ್ನ ೧

ಅತ್ತೆ ಕೇಳಿದ್ದನ್ನು ಹೇಳಿದೆ. ಮೇಡಂ ಲೆಟರಿಗೆ ಕಾಯದೆ ಪಟ್ಟಿ ಕೊಟ್ಟರು. ಮೂವತ್ತೇಳು ನಂಬರ್. ಇನ್ನೊಮ್ಮೆ ತೋರಿಸಲು ಬನ್ನಿ ಅನ್ನು, ಹೆದರಿಸಬೇಡ ಅಂದರು.

ಆರು ಜನ ಬರುತ್ತೇವೆ ಅಂದರು. ಇಬ್ಬರು ಎತ್ತಲಿಲ್ಲ. ಒಬ್ಬಳ ಗಂಡ ಬೈದ.

ಹತ್ತನೆಯದು ಮಾಲವ್ವ ಅಂತ. ಮಾತು ಸ್ಪಷ್ಟವಿಲ್ಲ. ಈಗ ಬಾಯಿ ಪೂರ್ತಿ ತೆರೆಯಲು ಬರುತ್ತಿಲ್ಲವಂತೆ. ಉರಿ ಕ್ಯಾಂಪಿಗೆ ಮೊದಲೇ ಇತ್ತಂತೆ. ಮಗಳು ಹುಬ್ಬಳ್ಳಿಗೆ ಕರೆದುಕೊಂಡು ಹೋಗಲು ತಯಾರಾಗಿದ್ದಳಂತೆ.

“ಕ್ಯಾಂಪಿನ್ಯಾಗ ಒಬ್ಬಾಕಿ, ಏನೂ ಇಲ್ಲ, ಆರಾಮ ಇರ್ರಿ ಅಂದ್ಲು. ಅದಕ್ಕ ಹೋಗಲಿಲ್ರಿ. ನಿಮಗ ಗೊತ್ತಿರಬೇಕಲ್ಲ, ಆಕಿ ಯಾರು?”

ಗೊತ್ತೈತ್ರಿ ಯವ್ವಾ, ಅಂದೆ. ಆಕಿ ನಾನ ರೀ.