ಮಗ್ಗದ ಗುಂಡಿಯ ಮೇಲೆ ಕೂತು ಕಾಫಿ ಕುಡಿದ ತಪಾಸಣೆ

ಮಾನ್ಯ ಲೆಕ್ಕಪತ್ರ ಅಧಿಕಾರಿಗಳೇ,

ನನ್ನ ಹನ್ನೊಂದು ತಿಂಗಳ ಪ್ರಯಾಣ ವೆಚ್ಚದ ಬಿಲ್ಲನ್ನು ನೀವು ತಿರಸ್ಕರಿಸಿದ್ದೀರಿ. ಅಷ್ಟು ಸಾಲದೆಂದು ಅದರ ಮೇಲೆ ‘ಸುಳ್ಳು ವಿಳಾಸ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಗುತ್ತಿಗೆದಾರರ ಪಟ್ಟಿಯಿಂದ ನಿನ್ನ ಹೆಸರನ್ನು ಯಾಕೆ ತೆಗೆಯಬಾರದು ಎಂದು ಕೇಳಿದ್ದೀರಿ. ತಮಿಳಿನಲ್ಲಿ ಮೂರು ಸಲ, ಇಂಗ್ಲಿಷಿನಲ್ಲಿ ಎರಡು ಸಲ ಉತ್ತರ ಕೊಟ್ಟೆ. ಒಂದಕ್ಕೂ ನಿಮ್ಮಿಂದ ಪಿಟ್ಟೆಂಬ ಸದ್ದಿಲ್ಲ. ಅದಕ್ಕೇ ಈ ಸಲ ನಮ್ಮ ಮನೆಮಾತಾದ ಕನ್ನಡದಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಹೇಗೂ ಓದದ ಪತ್ರ ಯಾವ ಭಾಷೆಯಲ್ಲಿದ್ದರೆ ನಿಮಗೇನು? ಕಾಗುಣಿತ ತಿದ್ದಿದವಳು ಹೊಸೂರಿನ ಕನ್ನಡ ಶಾಲೆಯಲ್ಲಿ ಓದಿದ ನನ್ನ ಹೆಂಡತಿ ಕಮಲಿನಿ. ಬೈಗುಳಗಳನ್ನು ತೆಗೆದುಹಾಕಿದವಳೂ ಅವಳೇ.

ನಾನು ಸೇಲಂನ ಅಮ್ಮಾಪೇಟೆಯವನು, ಮಗ್ಗ ರಿಪೇರಿ ನನ್ನ ಕಸುಬು. ಯಾರ ಕೈಕೆಳಗೂ ಇಲ್ಲದ ಸ್ವಂತ ಉದ್ಯೋಗಿ ಎಂದು ನಿಮ್ಮ ಕಾಗದಗಳು ಗೌರವದಿಂದ ಕರೆಯುತ್ತವೆ. ಅಂದರೆ ಜ್ವರ ಬಂದರೆ ರಜೆಯಿಲ್ಲ, ಬಿದ್ದರೆ ಆಸ್ಪತ್ರೆ ಖರ್ಚಿಲ್ಲ, ದೀಪಾವಳಿಗೆ ಬೋನಸ್ ಇಲ್ಲ. ವಾರಕ್ಕೆ ನಾಲ್ಕು ದಿನ ಅದಿಯಮಾನ್‌ಕೋಟೆ ಪಕ್ಕದ ನಿಮ್ಮ ನೇಯ್ಗೆ ಗಿರಣಿಗೆ ಬರುತ್ತೇನೆ. ಹೋಗಲು ಅರವತ್ತು ಕಿಲೋಮೀಟರ್, ಬರಲು ಅರವತ್ತು. ನಡುವೆ ತೊಪ್ಪೂರು ಘಾಟು. ಮುಂದೊಂದು ಶಂಕಗಿರಿ ಲಾರಿ, ಹಿಂದೊಂದು ಶಂಕಗಿರಿ ಲಾರಿ, ಮಧ್ಯೆ ನನ್ನ ಹಳೇ ಬೈಕು, ಅದರ ಮೇಲೆ ಹದಿನೆಂಟು ಕಿಲೋ ಸಾಮಾನು. ಇದು ನನ್ನ ಸ್ವಂತ ವಿಹಾರ ಎಂದು ನಿಮಗೆ ಅನ್ನಿಸಿದ್ದರೆ ಒಂದು ದಿನ ಹಿಂದಿನ ಸೀಟಿನಲ್ಲಿ ಕೂತು ಬನ್ನಿ. ಪೆಟ್ರೋಲು ನನ್ನದೇ.

ನಮ್ಮ ಒಪ್ಪಂದದ ಒಂಬತ್ತನೇ ಷರತ್ತು ಹೀಗಿದೆ: ಗುತ್ತಿಗೆದಾರ ತನ್ನ ಕಾರ್ಯಾಗಾರದಿಂದ ಗಿರಣಿಗೆ ಬಂದರೆ ಪ್ರಯಾಣ ವೆಚ್ಚ ಉಂಟು, ತನ್ನ ಮನೆಯಿಂದ ಬಂದರೆ ಇಲ್ಲ. ಬರೆದವರು ಬುದ್ಧಿವಂತರೇ ಇರಬೇಕು. ಆದರೆ ನೇಕಾರರ ಮನೆ ಕಂಡವರಲ್ಲ. ನಮ್ಮ ಮನೆಗೆ ಇರುವುದು ಒಂದೇ ಹಜಾರ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ನಮ್ಮಪ್ಪನ ಕಾಲದ ಮಗ್ಗ ಅದರ ನಡುವೆ ಇದೆ. ನಿಮ್ಮ ಗಿರಣಿಗೆ ಬೇಕಾದ ಹೊಸ ಸೀರೆ ನಕ್ಷೆಗೆ ಅಟ್ಟೆಗಳಲ್ಲಿ, ಅಂದರೆ ಮಗ್ಗಕ್ಕೆ ನಕ್ಷೆ ಹೇಳಿಕೊಡುವ ರಟ್ಟುಗಳಲ್ಲಿ, ತೂತು ಹೊಡೆದು, ಮೊದಲು ಆ ಮಗ್ಗದಲ್ಲಿ ಒಂದು ಗೇಣು ನೇಯ್ದು ನೋಡಿಯೇ ನಿಮ್ಮಲ್ಲಿಗೆ ತರುತ್ತೇನೆ. ಅದರ ಪಕ್ಕದಲ್ಲೇ ಉಣ್ಣುತ್ತೇವೆ, ಅದರ ಪಕ್ಕದಲ್ಲೇ ಮಲಗುತ್ತೇವೆ. ಇದರಲ್ಲಿ ಮನೆ ಯಾವುದು, ಕಾರ್ಯಾಗಾರ ಯಾವುದು ಎಂದು ಗೆರೆ ಎಳೆದು ತೋರಿಸಿ ನೋಡೋಣ.

ಬಿಲ್ಲಿನಲ್ಲಿ ಕಾರ್ಯಾಗಾರದ ವಿಳಾಸ ಎಂದು ಈ ಮನೆಯದನ್ನೇ ಬರೆದೆ, ನಿಮಗೆ ಅನುಮಾನ ಬಂತು. ತಪ್ಪೇನಿಲ್ಲ, ಅನುಮಾನಕ್ಕೇ ನಿಮಗೆ ಸಂಬಳ. ನಾಳೆ ಹನ್ನೊಂದಕ್ಕೆ ತಪಾಸಕರು ಬರುತ್ತಾರೆ ಎಂದು ಹಿಂದಿನ ಸಂಜೆ ಫೋನು ಮಾಡಿಸಿದಿರಿ. ಬೆಳಿಗ್ಗೆ ಏಳಕ್ಕೆ ನಿಮ್ಮ ಗಿರಣಿಯಿಂದಲೇ ಇನ್ನೊಂದು ಫೋನು: ನಾಲ್ಕು ಮಗ್ಗ ನಿಂತಿವೆ, ತಕ್ಷಣ ಬಾ. ಬಂದೆ. ಕಮಲಿನಿ ಶಾಲೆಗೆ ಪಾಠ ಹೇಳಲು ಹೋಗಿದ್ದಳು. ಮನೆಯಲ್ಲಿದ್ದವಳು ಎಪ್ಪತ್ತೆರಡರ ನನ್ನಮ್ಮ ಕಣ್ಣಮ್ಮ ಒಬ್ಬಳೇ.

ಹೆಣ್ಣು ನೋಡಲು ಬರುವವರಿದ್ದರೆ, ಬೀಗರು ಬರುವವರಿದ್ದರೆ, ಮಗ್ಗ ಬಿಚ್ಚಿಟ್ಟು ಗುಂಡಿಯ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಭವಾನಿ ಜಮಖಾನ ಹರಡುವುದು ನಮ್ಮ ಮನೆಯ ಪದ್ಧತಿ. ದೊಡ್ಡವರನ್ನು ಎಣ್ಣೆ ಜಿಡ್ಡಿನ ನಡುವೆ ಕೂರಿಸುವಂತಿಲ್ಲ. ಅಮ್ಮನ ಪಾಲಿಗೆ ನಿಮ್ಮ ತಪಾಸಕರು ಬೀಗರಿಗಿಂತ ದೊಡ್ಡವರು. ಪಕ್ಕದ ಮನೆಯ ಎಲ್ಲಪ್ಪನನ್ನು ಕರೆದು ಮಗ್ಗ ಬಿಚ್ಚಿಸಿ, ಅದರ ಭಾಗಗಳು, ಅಟ್ಟೆ, ಸ್ಪ್ಯಾನರು, ಗ್ರೀಸು ಡಬ್ಬ ಎಲ್ಲವನ್ನೂ ಅವನ ಮನೆಗೆ ಸಾಗಿಸಿದಳು. ಗುಂಡಿ ಮುಚ್ಚಿದಳು. ಕೀಳಲಾಗದ ಮಗ್ಗದ ಕಂಬಗಳಿಗೆ ಮಲ್ಲಿಗೆ ಸರ ಸುತ್ತಿದಳು. ತಪಾಸಕರು ಆ ಗುಂಡಿಯ ಮೇಲೆಯೇ ಕೂತು ಎರಡು ಲೋಟ ಕಾಫಿ ಕುಡಿದು, ಕೆಲಸದ ಯಾವ ಕುರುಹೂ ಇಲ್ಲದ ವಾಸದ ಮನೆ ಎಂದು ಇಂಗ್ಲಿಷಿನಲ್ಲಿ ಬರೆದು, ಅದರ ಕೆಳಗೆ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಕೆಳಗೆ ಹಲಗೆ ಅಲುಗಾಡಿದಾಗಲಾದರೂ ಇದೇನಮ್ಮಾ ಎಂದು ಕೇಳಬಾರದಿತ್ತೇ? ಮನೆ ನಡುವೆ ಎರಡು ಕಂಬ ಯಾಕೆ ನೆಟ್ಟಿದ್ದಾರೆ ಎಂದು ಅನ್ನಿಸಲಿಲ್ಲವೇ? ಗಿರಣಿಯಿಂದ ನನ್ನ ಮನೆಗೆ ಅವರು ಬಂದು ಹೋದ ಬಾಡಿಗೆ ಕಾರಿನ ಬಿಲ್ಲು ಮಾತ್ರ ಅದೇ ವಾರ ಮಂಜೂರಾಯಿತಂತೆ. ಅದೇ ರಸ್ತೆ, ಅದೇ ಅರವತ್ತು ಕಿಲೋಮೀಟರ್. ಇದು ಯಾವ ಸೀಮೆಯ ನ್ಯಾಯ ಸ್ವಾಮಿ?

ಸಂಜೆ ಮನೆಗೆ ಬಂದು ಎಲ್ಲ ನೋಡಿದೆ. ಅಮ್ಮನ ಮೇಲೆ ರೇಗಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವಳು ಮೆಲ್ಲಗೆ ಅಂದಳು: “ಆಪೀಸರು ಬತ್ತಾರೆ ಅಂದ್ರೆ ಗ್ರೀಸು ಡಬ್ಬ ಮುಂದಿಟ್ಕಂಡು ಕೂರಕಾಯ್ತದಾಪ್ಪಾ? ಮರ್ವಾದೆ ಅಂತ ಒಂದು ಐತಲ್ಲ.”

ನಿಮ್ಮ ನೋಟಿಸು ಬಂದ ದಿನ ಅದರಲ್ಲೇನಿದೆ ಎಂದು ಅವಳಿಗೆ ಹೇಳಬಾರದೆಂದಿದ್ದೆ. ಎಲ್ಲಪ್ಪ ಬಾಯಿಬಿಟ್ಟ. ಅಂದಿನಿಂದ ಅಮ್ಮ ಹಜಾರದ ಕಸ ಗುಡಿಸಲು ಯಾರನ್ನೂ ಬಿಡುತ್ತಿಲ್ಲ. ಸ್ಪ್ಯಾನರುಗಳನ್ನು ಹೊಸ್ತಿಲ ಹತ್ತಿರ ಸಾಲಾಗಿ ಜೋಡಿಸಿದ್ದಾಳೆ. ಹೋದ ವಾರ ಮಾರಂಡಹಳ್ಳಿಯಿಂದ ಅವಳ ತಮ್ಮನ ಮಗಳು ಆರತಿ ಮದುವೆ ಪತ್ರಿಕೆ ಕೊಡಲು ಬಂದಳು. ಅಮ್ಮ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದಳು. ಜಮಖಾನ ಹಾಸಮ್ಮಾ ಎಂದು ಕಮಲಿನಿ ಹೇಳಿದ್ದಕ್ಕೆ, “ಆ ಒತ್ಗೇ ಆಪೀಸರು ಬಂದ್ಬುಟ್ರೆ?” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನನ್ ಕೈಯಾರೆ ನಿನ್ನ ಸುಳ್ಳುಗಾರನ್ನ ಮಾಡ್ಬುಟ್ನಲ್ಲ ವೆಂಕಣ್ಣಾ” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಂದವರನ್ನು ಕೂರಿಸದೆ ಕಳಿಸಿದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಪೆಟ್ರೋಲಿನ ಹಣ ನೀವೇ ಇಟ್ಟುಕೊಳ್ಳಿ ಎಂದು ಬಿಸಾಡುವಷ್ಟು ಸಿರಿವಂತ ನಾನಲ್ಲ. ಅದೂ ಬೇಕು, ಪೂರ್ತಿ ಬೇಕು. ಅದಕ್ಕೂ ಮೊದಲು ನನ್ನ ಕಡತದಿಂದ ‘ಸುಳ್ಳು’ ಎಂಬ ಮಾತನ್ನು ಹೊಡೆದುಹಾಕಿ. ಹೊಡೆದುಹಾಕಿದ ಆ ಕಾಗದ ಹಿಡಿದು, ಮುನ್ಸೂಚನೆ ಕೊಡದೆ, ನೀವೇ ಒಮ್ಮೆ ಮನೆಗೆ ಬನ್ನಿ. ನನ್ನ ಹತ್ತಿರ ಏನೂ ಮಾತಾಡಬೇಕಾಗಿಲ್ಲ. ಅಮ್ಮನ ಎದುರು ನಿಂತು, ಅಮ್ಮಾ ತಪ್ಪು ನಿಮ್ಮದಲ್ಲ, ನಮ್ಮದು ಎಂದು ತಮಿಳಿನಲ್ಲೇ ಹೇಳಿ. ಅವಳಿಗೆ ಅರ್ಥವಾಗುತ್ತದೆ.

ಇಂತಿ,
ಕಾರ್ಯಾಗಾರದಲ್ಲೇ ಹುಟ್ಟಿ, ಅದನ್ನೇ ಮನೆ ಎಂದು ನಂಬಿ ಕೆಟ್ಟ
ವೆಂಕಣ್ಣ,
ಮಗ್ಗ ರಿಪೇರಿಯವನು, ಸೇಲಂ