ಹೋಲಿಕೆಗಳನ್ನು ಹೊಡೆದುಹಾಕಿದ ಕಾಗದ

ನ್ಯೂ ಲಿನ್, ಆಕ್ಲೆಂಡ್
೧೪ ಜೂನ್ ೨೦೨೫

ನಿಧಿ ಮರಿ,

ಹೇಗಿದ್ದೀಯ? ಹೆಂಡರ್ಸನ್‌ನ ಆ ಮನೆಯಲ್ಲಿ ಹೀಟರ್ ಕೆಲಸ ಮಾಡುತ್ತಿದೆಯೇ? ನಿನ್ನ ಫ್ಲಾಟ್‌ಮೇಟ್ ಹುಡುಗಿಯರು ಈ ಚಳಿಯಲ್ಲೂ ಕಿಟಕಿ ತೆರೆದಿಟ್ಟು ಮಲಗುತ್ತಾರೆಂದು ರಚನಾ ಆಂಟಿ ಹೇಳಿದರು. ಈ ಕಾಗದ ಏಳು ತಿಂಗಳು ತಡವಾಗಿದೆ, ಕ್ಷಮಿಸು. ನನ್ನ ಫೋನನ್ನು ನೀನು ತೆಗೆಯುವುದಿಲ್ಲ. ಮೆಸೇಜು ಬರೆಯಲು ಹೋದರೆ ಎಲ್ಲವೂ ಭಾಷಣದಂತೆ ಕಾಣಿಸಿತು. ನೋಡು, ಬಂದೇಬಿಟ್ಟಿತು ಹೋಲಿಕೆ. ಈ ಕಾಗದದಲ್ಲಿ ಒಂದೂ ಬರಬಾರದೆಂದು ಹಟ ಹಿಡಿದು ನಾಲ್ಕು ಪ್ರತಿ ಹರಿದುಹಾಕಿದ್ದೇನೆ. ಇದು ಐದನೆಯದು, ಇದನ್ನು ಹರಿಯುವುದಿಲ್ಲ.

ನಾನು ಚೆನ್ನಾಗಿದ್ದೇನೆ. ನಾನು ಕೆಲಸ ಮಾಡುವ ಗಿಡಗಳ ಅಂಗಡಿಯಲ್ಲಿ ಚಳಿಗಾಲಕ್ಕೆ ವ್ಯಾಪಾರ ಕಮ್ಮಿ. ಗೊಬ್ಬರ, ಮರದ ತೊಗಟೆ ತುಂಬಿಸಿಕೊಳ್ಳಲು ಯೂಟ್ ಗಾಡಿ ತರುವವರು ಶನಿವಾರ ಮಾತ್ರ ಬರುತ್ತಾರೆ. ಅಮ್ಮನ ನಿಂಬೆಗಿಡ ಈ ಸಲ ವಿಪರೀತ ಕಾಯಿ ಬಿಟ್ಟಿತು. ಉಪ್ಪಿನಕಾಯಿ ಹಾಕಿದೆ, ಉಪ್ಪು ಹೆಚ್ಚಾಯಿತು. ಬಾಲು ಅಂಕಲ್ ಒಂದು ಬಾಟಲಿ ಒಯ್ದವರು ಅದರ ಬಗ್ಗೆ ಈವರೆಗೆ ತುಟಿ ಬಿಚ್ಚಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದೇ ಆದರೂ ನನ್ನ ಕೈಯಾರೆ ಬರೆಯಬೇಕು. ಕನ್ನಡ ಕೂಟದ ಕಥಾಸ್ಪರ್ಧೆಗೆ ಕಳೆದ ವರ್ಷ ಹನ್ನೊಂದು ಕಥೆ ಬಂದವು. ಕಥೆಯ ಮೇಲೆ ನಂಬರ್ ಮಾತ್ರ, ಹೆಸರೆಲ್ಲ ರಚನಾ ಬಳಿ ಅಂಟಿಸಿದ ಲಕೋಟೆಗಳಲ್ಲಿ. ಮೈಸೂರಿನ ಕಾಲೇಜಿನಲ್ಲಿ ಒಂಬತ್ತು ವರ್ಷ ಕನ್ನಡ ಪಾಠ ಮಾಡಿದವನೆಂದು ತೀರ್ಪುಗಾರ ಯಾವಾಗಲೂ ನಾನೇ. ಲಕೋಟೆ ಒಡೆಯುವ ಮೊದಲೇ ಗೆದ್ದ ಕಥೆಯ ಬಗ್ಗೆ ವೇದಿಕೆಯಲ್ಲಿ ಮಾತಾಡಬೇಕೆಂಬ ಪದ್ಧತಿ ತಂದವನೂ ನಾನೇ. ಹೆಸರು ತಿಳಿದ ಮೇಲೆ ನಮ್ಮವರು ಮುಖ ನೋಡಿ ಮಾತಾಡುತ್ತಾರೆ ಎಂಬುದು ನನ್ನ ವಾದವಾಗಿತ್ತು.

ಏಳನೇ ನಂಬರಿನ ಕಥೆಗೆ ಎದುರೇ ಇರಲಿಲ್ಲ. ಆ ಸಂಜೆ ಹಿಲ್ಸ್‌ಬರೋ ಹಾಲಿನಲ್ಲಿ ಅದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಈ ಕಥೆಯ ಗಂಡಸಿಗೆ ಜಂಭವಿದೆಯೆಂದು ಕಥೆಗಾರ ಎಲ್ಲೂ ಹೇಳುವುದಿಲ್ಲ, ಅವನು ಬಳಸುವ ಹೋಲಿಕೆಗಳೇ ಅವನನ್ನು ಹಿಡಿದುಕೊಡುತ್ತವೆ ಎಂದೆ. ಹೆಂಡತಿಗೆ ಇಂಜಿನಿಯರ್ ಕೆಲಸ ಸಿಕ್ಕಿತೆಂದು ಅವಳ ಹಿಂದೆ ಈ ದೇಶಕ್ಕೆ ಬಂದವನು ತನ್ನನ್ನು ಆಲದ ಮರ ಎನ್ನುತ್ತಾನೆ, ಮನೆ ನಡೆಸುವ ಅವಳನ್ನು ಬಳ್ಳಿ ಎನ್ನುತ್ತಾನೆ. ಪೆಟ್ರೋಲ್ ಬಂಕಿನ ಕೆಲಸ ಅವನಿಗೆ ವನವಾಸ. ಇಲ್ಲೇ ಹುಟ್ಟಿದ ಮಗಳು ಕುಂಡದ ಗಿಡ. ತನಗೆ ಬೇಕಾದ ಉಪಮೆಗಳನ್ನು ಬೆಟ್ಟ ಗೋಪುರಗಳಿಂದ ತರುತ್ತಾನೆ, ಬೇರೆಯವರಿಗೆ ಹಿತ್ತಲಿನದೇ ಸಾಕು. ಸುಸ್ತಾಗಿದೆ ಎನ್ನುವುದಕ್ಕೂ ಈ ಮಹಾನುಭಾವನಿಗೆ ಒಂದು ಸಿಂಹ ಬೇಕು ಎಂದಾಗ ಇಡೀ ಹಾಲು ನಕ್ಕಿತು. ಮೂರನೇ ಸಾಲಿನಲ್ಲಿ ಕೂತಿದ್ದ ನೀನು ನಗಲಿಲ್ಲ.

ರಚನಾ ಲಕೋಟೆ ಒಡೆದು ನಿಧಿ ಬದರಿನಾಥ್ ಎಂದು ಓದಿದರು. ಜನ ಚಪ್ಪಾಳೆ ಶುರು ಮಾಡಿ, ನಿನ್ನನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲಿ ಗಾಬರಿಯಿಂದ ನನ್ನ ಬಾಯಿ ಜಾರಿತು. ಮೈಕು ಇನ್ನೂ ಕೈಯಲ್ಲೇ ಇತ್ತು.

"ಇದು ಇವಳು ಬರ್ದಿದ್ದಲ್ಲ. ಇಲ್ಲಿ ಹುಟ್ಟಿದ ಮಕ್ಳಿಗೆ ಇಂಥ ಕನ್ನಡ ಎಲ್ಲಿ ಬರತ್ತೆ? ಯಾರೋ ಬರ್ಕೊಟ್ಟಿದಾರೆ."

ನೀನು ಎದ್ದು ನಿಂತೆ. "ಅಪ್ಪ, ಪೂರ್ತಿ ನಾನೇ ಬರ್ದಿದ್ದು" ಎಂದೆ.

ಮಾತು ಕಲಿತಾಗಿನಿಂದ ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು ನೀನು. ಅವತ್ತು ಅಷ್ಟು ಜನರೆದುರು ಕನ್ನಡದಲ್ಲಿ ಹೇಳಿದೆ, ನಾನು ಮುಖ ತಿರುಗಿಸಿಕೊಂಡೆ. ಬಹುಮಾನ ಎರಡನೆಯವನಾಗಿದ್ದ ಮನೋಜ್‌ಗೆ ಹೋಯಿತು. ಅವನು ಮರುವಾರವೇ ಅದನ್ನು ರಚನಾಗೆ ಹಿಂದಿರುಗಿಸಿದ. ನೀನು ಆ ತಿಂಗಳೇ ಮನೆ ಬಿಟ್ಟೆ.

ಫೆಬ್ರವರಿಯಲ್ಲಿ ರಚನಾ ಮನೆಗೆ ಬಂದಿದ್ದರು. ಅಮ್ಮನ ಚಿಕಿತ್ಸೆಯ ಕೊನೆಯ ವರ್ಷದಲ್ಲಿ, ಡ್ರಿಪ್ ಹಾಕಿಸಿಕೊಂಡು ಗಂಟೆಗಟ್ಟಲೆ ಕೂರಬೇಕಾಗಿದ್ದ ದಿನಗಳಲ್ಲಿ, ಅವಳು ನಿನಗೆ ಅಕ್ಷರದಿಂದ ಹಿಡಿದು ಕನ್ನಡ ಕಲಿಸಿದಳಂತೆ. ಅಪ್ಪನಿಗೆ ಈಗ ಹೇಳಬೇಡ, ಮುಂದೊಂದು ದಿನ ಪೂರ್ತಿ ಕಥೆಯನ್ನೇ ಅವರ ಕೈಗಿಡು ಅಂದಿದ್ದಳಂತೆ. ನಿನ್ನಮ್ಮ ಕಾತ್ಯಾಯಿನಿ ತೀರಿಕೊಳ್ಳುವ ಮೊದಲು ಕಲಿಸಿದ ಕನ್ನಡವನ್ನು ನಾನು ಕದ್ದದ್ದು ಎಂದೆ. ರಚನಾ ಹೋದ ಮೇಲೆ ಅತ್ತುಬಿಟ್ಟೆ. ನೀನು ಇನ್ನು ಕನ್ನಡದಲ್ಲಿ ಬರೆಯುವುದಿಲ್ಲ ಎಂದಿದ್ದೀಯಂತೆ, ಅಮ್ಮ ತಿದ್ದಿದ ನೋಟ್‌ಬುಕ್ಕುಗಳನ್ನೆಲ್ಲ ರಚನಾ ಮನೆಯಲ್ಲಿ ಬಿಟ್ಟುಬಂದಿದ್ದೀಯಂತೆ. ನನ್ನ ಮೇಲೆ ಸಿಟ್ಟಿರಲಿ, ಅದು ನನಗೆ ಸಲ್ಲಬೇಕಾದದ್ದೇ. ಬರವಣಿಗೆ ಮಾತ್ರ ನಿಲ್ಲಿಸಬೇಡ. ಇದನ್ನು ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಕಳೆದ ಭಾನುವಾರ ಕೂಟದ ಸಭೆಯಲ್ಲಿ ಎದ್ದು ನಿಂತು, ಕಥೆ ನಿಧಿಯದೇ, ಅದರೊಳಗಿನ ಗಂಡಸು ನಾನೇ ಎಂದೆ. ಎಲ್ಲರೂ ದಂಗಾಗುತ್ತಾರೆ ಎಂದುಕೊಂಡಿದ್ದೆ. ಒಬ್ಬರಿಗೂ ಆಶ್ಚರ್ಯವಾಗಲಿಲ್ಲ. ನಾನು ಭಾಷಣದಲ್ಲಿ ಆಲದ ಮರಕ್ಕೆ ಬಂದಾಗಲೇ ಅವರಿಗೆಲ್ಲ ಗೊತ್ತಾಗಿತ್ತಂತೆ. ಬಾಲು ನನ್ನ ಬೆನ್ನು ತಟ್ಟಿ, ಕಾಫಿ ತಣ್ಣಗಾಗುತ್ತೆ ಬನ್ನಿ ಎಂದರು. ನೀನು ಒಪ್ಪಿದರೆ ಕಥೆಯನ್ನು ಈ ವರ್ಷದ ಸಂಚಿಕೆಯಲ್ಲಿ ಹಾಕುತ್ತಾರೆ. ಒಪ್ಪದಿದ್ದರೂ ಸರಿಯೇ, ಅದು ನಿನ್ನದು.

ಮುಂದಿನ ಶುಕ್ರವಾರ ಮಾತಾರಿಕಿ ಹಬ್ಬದ ರಜೆ. ನಾನು ಮನೆಯಲ್ಲೇ ಇರುತ್ತೇನೆ. ಬರಲೇಬೇಕೆಂದಲ್ಲ. ಊಟ ಬಿಡಬೇಡ, ಬೆಚ್ಚಗಿರು. ನೀನು ಹಿಡಿದ ಕೆಲಸವೆಲ್ಲ ಚೆನ್ನಾಗಲಿ, ಆಯಸ್ಸು ಆರೋಗ್ಯ ತುಂಬಿಬರಲಿ.

ನಿನ್ನ ಅಪ್ಪ,
ಬದರಿನಾಥ್

ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ಬಾಯಿ ಜಾರಿತು ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ನಿನ್ನ ಕಥೆಯ ಆರನೇ ಪುಟದಲ್ಲಿ ಆಸ್ಪತ್ರೆಯ ಮಂಚದಿಂದ ಹೆಂಡತಿ ಕೈ ಚಾಚುತ್ತಾಳೆ. "ನಾನು ಬಂಡೆ ಕಣೇ, ನಂಗೇನೂ ಆಗಲ್ಲ" ಅನ್ನುತ್ತಾನೆ ಗಂಡ. "ಬಂಡೆ ಬೇಡ, ನೀವು ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಳಿ" ಅನ್ನುತ್ತಾಳೆ ಅವಳು. ಆ ಮಾತು ನಡೆದಾಗ ಕೋಣೆಯಲ್ಲಿ ಇದ್ದವರು ನಾವು ಮೂವರೇ. ಓದಿದ ಕೂಡಲೇ ಬರೆದವಳು ನೀನೆಂದು ತಿಳಿಯಿತು. ಸಮಾರಂಭಕ್ಕೆ ಇನ್ನೂ ಮೂರು ವಾರವಿತ್ತು. ಕಥೆ ನಿನ್ನದೆಂದಾದರೆ ಆ ಗಂಡಸು ನಾನೆಂದು ಎಲ್ಲರಿಗೂ ತಿಳಿಯುತ್ತದೆಂದು, ಮೈಕಿನಲ್ಲಿ ಆಡಿದ ಆ ಮಾತನ್ನು ಮೂರು ವಾರ ಯೋಚಿಸಿ ಸಿದ್ಧಮಾಡಿಕೊಂಡಿದ್ದೆ.

ನಿನ್ನ ಕಥೆಯಲ್ಲಿ ಆ ಗಂಡ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂರುತ್ತಾನೆ. ನಾನು ಕೂರಲಿಲ್ಲ, ಕಾರ್ ಪಾರ್ಕಿಗೆ ಹೋದೆ. ನೀನು ಅದನ್ನು ನೋಡಿದ್ದೆ, ನೋಡಿಯೂ ನನ್ನನ್ನು ಕೂರಿಸಿದ್ದೀಯ. ಅವತ್ತು ನನಗೆ ಹೆದರಿಕೆಯಾಗಿತ್ತು, ನಿಧಿ. ಅಷ್ಟೇ.